ರಾತ್ರಿ ಪಾಳಿ: ಚಿಲಕ ತೆಗೆದು, ಹುರಿಗಡಲೆ ಕೊಟ್ಟು

ನಮ್ಮದು ಬೆಂಗಳೂರಿನಲ್ಲಿರುವ ಗಂಡು ಮಕ್ಕಳ ತೆರೆದ ತಂಗುದಾಣ, ಅಂದರೆ ಮನೆ ಬಿಟ್ಟು ಬಂದ ಹುಡುಗರು ತಾತ್ಕಾಲಿಕವಾಗಿ ಉಳಿಯುವ ಜಾಗ (ಓಪನ್ ಶೆಲ್ಟರ್). ಹೆಚ್ಚುಕಡಿಮೆ 30 ಹುಡುಗರು, 8ರಿಂದ 17 ವರ್ಷದವರು. ಬಹುಪಾಲು ಮೆಜೆಸ್ಟಿಕ್‌ನ ಬಸ್ ನಿಲ್ದಾಣದಲ್ಲೋ ರೈಲು ನಿಲ್ದಾಣದಲ್ಲೋ ಸಿಕ್ಕವರು. ಯಾದಗಿರಿ, ರಾಯಚೂರು, ಆಂಧ್ರ, ಬಿಹಾರ, ಅಸ್ಸಾಂ, ಎಲ್ಲ ಕಡೆಯವರೂ ಇರುತ್ತಾರೆ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಒಬ್ಬ ಆಪ್ತಸಮಾಲೋಚಕ (ಅದು ನಾನು), ಒಬ್ಬ ವಾಚ್‌ಮನ್. ಹಳೆಯ ಪದ್ಧತಿ ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುವುದೇ: 9.30ಕ್ಕೆ ಹಾಜರಿ, ಚಪ್ಪಲಿ ಜಪ್ತಿ, 10ಕ್ಕೆ ಲೈಟ್ ಬಂದ್, ಮಲಗುವ ಹಾಲ್‌ಗೆ ಹೊರಗಿನಿಂದ ಚಿಲಕ, ನಾವು ಆಫೀಸಿನಲ್ಲಿ ಸಿಸಿಟಿವಿ ಮುಂದೆ.

ಹಾಗಿದ್ದಾಗ ತಿಂಗಳಿಗೆ ಮೂರ್ನಾಲ್ಕು ಹುಡುಗರು ಗೋಡೆ ಹಾರುತ್ತಿದ್ದರು. ವಾರಕ್ಕೆ ಎರಡು ರಾತ್ರಿಯಾದರೂ ಹೊಡೆದಾಟ. ಈಗ ಆರು ತಿಂಗಳಿಗೆ ಒಬ್ಬ ಹೋದರೆ ಹೆಚ್ಚು, ಹೊಡೆದಾಟ ಅಪರೂಪ. ಮಾಡಿದ್ದಿಷ್ಟು: ಚಿಲಕ ತೆಗೆಸಿದೆ, ಚಪ್ಪಲಿ ವಾಪಸ್ ಕೊಡಿಸಿದೆ, ಕುರ್ಚಿಯನ್ನು ಹಾಲ್‌ನ ಬಾಗಿಲಿಗೆ ತಂದೆ, ರಾತ್ರಿ 10.15ಕ್ಕೆ ತಿನ್ನಲು ಕೊಟ್ಟೆ. ಮೀಟಿಂಗಿನಲ್ಲಿ ಹೇಳಿದಾಗ ನಕ್ಕವರೇ ಹೆಚ್ಚು. "ಹೊಟ್ಟೆ ತುಂಬಿದ್ರೆ ಓಡೋಕೆ ಶಕ್ತಿ ಬರುತ್ತೆ ಸರ್, ಅಷ್ಟೇ" ಅಂದಿದ್ದು ಅಡುಗೆಯವರು. ಈಗ ಹುರಿಗಡಲೆ ಖಾಲಿಯಾದರೆ ಮೊದಲು ನೆನಪಿಸುವುದೂ ಅವರೇ.

ಚಿಲಕದ ಬಗ್ಗೆ ಹೆಚ್ಚು ವಾದ ಬೇಕಿಲ್ಲ. 30 ಮಕ್ಕಳಿರುವ ಹಾಲ್‌ನಲ್ಲಿ ವೈರ್ ಸುಟ್ಟರೆ ಏನು ಗತಿ ಎಂದು ಕೇಳಿದರೆ ಸಾಕು. ಚಪ್ಪಲಿ ವಿಷಯಕ್ಕೆ ಮಾತ್ರ ಜಗಳ ನಡೆಯಿತು. ಓಡುವ ಹುಡುಗ ಬರಿಗಾಲಲ್ಲೂ ಓಡುತ್ತಾನೆ, ಗಾಜು ಚುಚ್ಚಿಸಿಕೊಂಡು ಓಡುತ್ತಾನೆ. ಓಡದ ಹುಡುಗ ಮಾತ್ರ ಚಪ್ಪಲಿ ಇಲ್ಲವಲ್ಲ ಎಂದು ನಿದ್ದೆಗೆಡುತ್ತಾನೆ. ಮಂಚದ ಕೆಳಗೆ ಅವನ ಚಪ್ಪಲಿ ಅವನಿಗೆ ಕಾಣುತ್ತಿರಲಿ.

ತಿನ್ನುವುದರ ಲೆಕ್ಕ ಹೀಗೆ. ರಾತ್ರಿ ಊಟ 7.30ಕ್ಕೆ, ಬೆಳಗಿನ ತಿಂಡಿ 8ಕ್ಕೆ, ನಡುವೆ ಹನ್ನೆರಡು ಗಂಟೆಗೂ ಮಿಕ್ಕಿದ ಬಿಡುವು. ಬೆಳೆಯುವ ಹುಡುಗರಿಗೆ 10.30ರ ಹೊತ್ತಿಗೆ ಹಸಿವು ಶುರು, ಅದು ಹೊರಬರುವುದು ಕೋಪವಾಗಿ. ಮೊದಲು ರಾಗಿ ಗಂಜಿ ಕೊಟ್ಟೆ: ಹೊಟ್ಟೆ ತುಂಬಿತು, ಹಾಸಿಗೆಗಳೂ ಒದ್ದೆಯಾದವು. ಹಾಲಿನದೂ ಅದೇ ಕತೆ. ಚಿಕ್ಕಿ ಕೊಟ್ಟರೆ ಚೂರು ದಿಂಬಿಗೆ ಬಿದ್ದು ಇರುವೆ. ಬಿಸ್ಕತ್ ಕೊಟ್ಟರೆ ದೊಡ್ಡವರು ಚಿಕ್ಕವರಿಂದ ಕಿತ್ತುಕೊಂಡು ಪ್ಯಾಕೆಟ್ ಲೆಕ್ಕದಲ್ಲಿ ವ್ಯಾಪಾರ ಮಾಡುತ್ತಾರೆ. ಕೊನೆಗೆ ನಿಂತದ್ದು ಹುರಿಗಡಲೆ 25 ಗ್ರಾಂ, ಪುಡಿ ಬೆಲ್ಲ 10 ಗ್ರಾಂ, ವಾರಕ್ಕೆರಡು ದಿನ ಪಚ್ಚಬಾಳೆ. ಅಳತೆಗೆ ಒಂದೇ ಸ್ಟೀಲ್ ಲೋಟ, ಎಲ್ಲರಿಗೂ ಅಂಚಿಗೆ ಸಮ ಮಾಡಿ ಒಂದು. ಹಾಲ್‌ನ ಹೊರಗೆ, ನೆಲದ ಮೇಲೆ ಕೂತು ತಿನ್ನಬೇಕು. ಆಮೇಲೆ ಬಾಯಿ ತೊಳೆದು, ಬಚ್ಚಲಿಗೆ ಹೋಗಿ ಬಂದು ಮಲಗುವುದು. ದಿನಕ್ಕೆ 100ರಿಂದ 120 ರೂಪಾಯಿ, ತಿಂಗಳಿಗೆ 3,000 ದಾಟುತ್ತದೆ. ಮೊದಲ ಕೆಲವು ತಿಂಗಳು ನನ್ನ ಜೇಬಿನದೇ. ಆಮೇಲೆ ಒಂದು ಕಿರಾಣಿ ಅಂಗಡಿಯವರು ಅರ್ಧ ವಹಿಸಿಕೊಂಡರು. ಅವರನ್ನು ಒಪ್ಪಿಸಿದ ಬಗೆ ಇಲ್ಲಿ ಬೇಡ, ಎಲ್ಲರೂ ಅದೇ ಅಂಗಡಿಗೆ ಹೋಗಿಬಿಡುತ್ತೀರಿ.

ಹಸಿವಾದ ಮೇಲೆ ದೊಡ್ಡ ಶತ್ರು ಕಜ್ಜಿ. ಇದನ್ನು ಯಾರೂ ನಡವಳಿಕೆಯ ಸಮಸ್ಯೆಯ ಪಟ್ಟಿಗೆ ಸೇರಿಸುವುದಿಲ್ಲ, ಆದರೆ ಹಠಮಾರಿ ಎಂದು ರಿಜಿಸ್ಟರಿನಲ್ಲಿ ಬರೆಸಿಕೊಂಡ ಅರ್ಧ ಹುಡುಗರ ರೋಗ ಅದೇ. ಹಗಲು ಅಷ್ಟಾಗಿ ಕಾಣದು, ಹೊದ್ದು ಮಲಗಿ ಮೈ ಬಿಸಿಯಾದೊಡನೆ ತುರಿಕೆ ಏರುತ್ತದೆ. ಬೆರಳಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ, ತೊಡೆಸಂದಿ ನೋಡಿ. ಒಬ್ಬೊಬ್ಬರಿಗೇ ಔಷಧಿ ಕೊಟ್ಟರೆ ದುಡ್ಡು ದಂಡ, ಮುಗಿಯುವುದೇ ಇಲ್ಲ. ವೈದ್ಯರನ್ನು ಕರೆಸಿ ಇಡೀ ಹಾಲ್‌ಗೆ ಒಂದೇ ರಾತ್ರಿ 5 ಪರ್ಸೆಂಟ್ ಪರ್ಮೆಥ್ರಿನ್ ಮುಲಾಮು ಬರೆಸಿಕೊಳ್ಳಿ, ತುರಿಕೆ ಇಲ್ಲದವರಿಗೂ, ಸಿಬ್ಬಂದಿಗೂ. ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರ ಸಂದಿಯೂ ಬಿಡದಂತೆ ಹಚ್ಚಿಕೊಳ್ಳಬೇಕು. 8ರಿಂದ 12 ಗಂಟೆ ಮೈಮೇಲಿದ್ದು ಬೆಳಿಗ್ಗೆ ಸ್ನಾನ, ವಾರ ಬಿಟ್ಟು ಇನ್ನೊಮ್ಮೆ. ನಡುರಾತ್ರಿ ಕೈ ತೊಳೆದವರಿಗೆ ಕೈಗೆ ಮತ್ತೆ ಹಚ್ಚಿಸಿ, ಹೆಚ್ಚು ಕಡೆ ಕೆಡುವುದು ಅಲ್ಲೇ. ಹಿಂದಿನ ಮೂರು ದಿನ ತೊಟ್ಟ ಬಟ್ಟೆ, ಹೊದಿಕೆಗೆ ಬಿಸಿನೀರು ಮತ್ತು ಕಡುಬಿಸಿಲು. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಾಲ್ಕು ದಿನ ಮುಟ್ಟಬೇಡಿ. ದೊಡ್ಡ ಹುಡುಗನಿಗೆ 30 ಗ್ರಾಂ ಟ್ಯೂಬು ಒಂದು, ಚಿಕ್ಕವನಿಗೆ ಅರ್ಧ. ಹೊರಗೆ ಕೊಂಡರೆ ಎರಡೂ ಸುತ್ತಿಗೆ 5,000ದ ಹತ್ತಿರ ಬಂತೆಂದು ನೆನಪು. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಕೇಳಿ. ಬೆಂಜೈಲ್ ಬೆಂಜೋಯೇಟ್ ಎಂಬ ಇನ್ನೊಂದು ಔಷಧಿ ಅಗ್ಗವೇನೋ ಹೌದು, ಆದರೆ ಕೆರೆದು ಗಾಯವಾದ ಚರ್ಮಕ್ಕೆ ಉರಿ ತಡೆಯದು, ಆ ರಾತ್ರಿ ಯಾರೂ ಮಲಗುವುದಿಲ್ಲ. ಇನ್ನೊಂದು: ಕಜ್ಜಿ ತರುವ ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ. ಔಷಧಿ ಫೇಲ್ ಎಂದು ದಿನಾ ಹಚ್ಚುತ್ತಾ ಹೋಗುವವರಿದ್ದಾರೆ, ಅದರಿಂದ ಚರ್ಮ ಕೆಡುತ್ತದೆ ಅಷ್ಟೇ.

ಹಾಸಿಗೆ ಒದ್ದೆ ಮಾಡುವವರ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ರೆಕ್ಸಿನ್ ಎಲ್ಲ ಹಾಸಿಗೆಗೂ ಹಾಕಿಸಿ, ಆಗ ಯಾರದ್ದೆಂದು ಗೊತ್ತಾಗುವುದಿಲ್ಲ. 11.30ಕ್ಕೊಮ್ಮೆ, 4ಕ್ಕೊಮ್ಮೆ ಎಬ್ಬಿಸಿದರೆ ಹಾಸಿಗೆ ಒಣಗಿರುತ್ತದೆ, ತೊಂದರೆ ವಾಸಿಯಾಗುವುದಿಲ್ಲ. ಮಲಬದ್ಧತೆ ಇದೆಯೇ ವಿಚಾರಿಸಿ, ಅದೂ ಒಂದು ಕಾರಣ. ಒಣ ಚಡ್ಡಿ, ಬೆಡ್‌ಶೀಟು ಬಚ್ಚಲ ಪಕ್ಕದ ಕಪಾಟಿನಲ್ಲಿ ಬೀಗವಿಲ್ಲದೆ ಇರಲಿ, ಹುಡುಗ ಯಾರನ್ನೂ ಕೇಳದೆ ಬದಲಿಸಿಕೊಳ್ಳುತ್ತಾನೆ. ಬೆಳಿಗ್ಗೆ ಎಲ್ಲರೆದುರು ನಿಲ್ಲಿಸಿ ಒಗೆಸುವ ಪದ್ಧತಿ ಇನ್ನೂ ಕೆಲವೆಡೆ ಇದೆಯೆಂದು ಕೇಳಿದ್ದೇನೆ. ಅಂಥವರು ಬಾಲ ನ್ಯಾಯ ಕಾಯ್ದೆ, 2015ರ 75 ಮತ್ತು 82ನೇ ಕಲಂ ಓದಿಕೊಳ್ಳಲಿ. ದೈಹಿಕ ಶಿಕ್ಷೆಗೆ ಮೊದಲ ಸಲ 10,000 ರೂಪಾಯಿ ದಂಡ, ಆಮೇಲಿನದಕ್ಕೆ ಮೂರು ತಿಂಗಳವರೆಗೆ ಜೈಲೂ ಇದೆ.

ಕುರ್ಚಿ ಹಾಲ್‌ನ ಬಾಗಿಲಲ್ಲಿ, ಮುಖ ಅರ್ಧ ಹಾಲ್‌ನ ಕಡೆ, ಅರ್ಧ ಕಾರಿಡಾರ್ ಕಡೆ. ಕ್ಯಾಮರಾಕ್ಕೆ ನಾವೂ ಕಾಣಬೇಕು. ರಾತ್ರಿ ಹುಡುಗನ ಜೊತೆ ಮಾತೆಲ್ಲ ಕಾರಿಡಾರಿನಲ್ಲೇ, ಮುಚ್ಚಿದ ಕೋಣೆಯಲ್ಲಿ ಒಬ್ಬೊಬ್ಬರೇ ಕೂಡದು. ಇದು ಹುಡುಗನಿಗೂ ರಕ್ಷೆ, ನಮಗೂ. ಬೆಳಕಿನ ಪ್ರಯೋಗ ತುಂಬಾ ಮಾಡಿದೆ. ಕೆಂಪು ಝೀರೋ ಕ್ಯಾಂಡಲ್ ಬಲ್ಬಿಗೆ ಚಿಕ್ಕವರು ಹೆದರಿದರು. ನೀಲಿಗೆ ಎಚ್ಚರವಾಗಿಯೇ ಇದ್ದರು. ಹಳದಿ ಬಲ್ಬು, ಮೊಣಕಾಲೆತ್ತರಕ್ಕೆ, ಬಚ್ಚಲ ದಾರಿಯಲ್ಲಿ ಎರಡು ಹಾಕಿದ ಮೇಲೆ ತಕರಾರಿಲ್ಲ. ಬಿಸಿನೀರಿನಲ್ಲಿ ಕಾಲು ತೊಳೆಸಿ ಮಲಗಿಸಿದ್ದೂ ಚೆನ್ನಾಗಿ ನಡೆಯಿತು, ಗ್ಯಾಸ್ ಬಿಲ್ ನೋಡಿ ಬಿಟ್ಟೆ. ಟೇಪಿನಲ್ಲಿ ಕತೆ ಹಾಕಿದರೆ ಕನ್ನಡ ಬಾರದವರು ಗಲಾಟೆ ಮಾಡಿದರು, ಬರೀ ಕೊಳಲು ಹಾಕಿದರೆ ದೊಡ್ಡವರು ನಕ್ಕರು. ಸದ್ದು ಮಾಡುವ ಹಳೇ ಫ್ಯಾನು ಎಲ್ಲಕ್ಕಿಂತ ಮೇಲು. ರಿಪೇರಿ ಮಾಡಿಸಬೇಡಿ.

ಮಂಚಗಳ ಜಾಗ ಬದಲಿಸುವುದು ಖರ್ಚಿಲ್ಲದ ಕೆಲಸ. ಬಾಲ ನ್ಯಾಯ ಕಾಯ್ದೆಯಡಿಯ 2016ರ ಮಾದರಿ ನಿಯಮದ ಪ್ರಕಾರ ಮಲಗುವ ಹಾಲ್‌ನಲ್ಲಿ ಒಂದು ಮಗುವಿಗೆ 40 ಚದರ ಅಡಿ. ಅಷ್ಟು ಜಾಗ ಎಲ್ಲೆಡೆ ಸಿಗಲಿಕ್ಕಿಲ್ಲ, ಆದರೆ ಮೂಲೆಗಳನ್ನಾದರೂ ಖಾಲಿ ಬಿಡಬಹುದು. ಮೂಲೆ ಯಾವಾಗಲೂ ದೊಡ್ಡವರ ಪಾಲಾಗುತ್ತದೆ, ಚಿಕ್ಕವರಿಗೆ ಕಾಟ ಶುರುವಾಗುವುದು ಅಲ್ಲಿಂದ. ನಮ್ಮಲ್ಲಿ ಮೂಲೆಯಲ್ಲಿರುವುದು ಟ್ರಂಕುಗಳು.

ಸುತ್ತು ಹಾಕುವುದರಲ್ಲಿ ಅರ್ಧ ಗಂಟೆಗೊಮ್ಮೆ ಎಂಬ ನಿಯಮ ಇಟ್ಟುಕೊಂಡರೆ ಹುಡುಗರು ಎರಡೇ ದಿನದಲ್ಲಿ ಕಲಿಯುತ್ತಾರೆ. ಪಾಳಿಯ ಶುರುವಿನಲ್ಲಿ ಹೊತ್ತು ಬರೆದ ಚೀಟಿ ಎತ್ತಿ, ಅದರಂತೆ ಹೋಗಿ. ಟಾರ್ಚ್ ನೆಲಕ್ಕೆ. ತಲೆ ಎಣಿಸಬೇಡಿ, ಪಾದ ಎಣಿಸಿ: ಡಿಸೆಂಬರ್ ಚಳಿಯಲ್ಲಿ ಎಲ್ಲರೂ ಮುಸುಕು ಹಾಕಿರುತ್ತಾರೆ, ದಿಂಬನ್ನು ಹುಡುಗನ ಆಕಾರಕ್ಕೆ ತರುವುದು ಸುಲಭ, ಪಾದ ಮಾಡುವುದು ಕಷ್ಟ. ಓಡುವ ಹೊತ್ತು ನಡುರಾತ್ರಿಯಲ್ಲ. 4.45ರಿಂದ 5.30, ಹಾಲಿನ ಗಾಡಿ ಬಂದು ಗೇಟು ತೆರೆದಾಗ, ವಾಚ್‌ಮನ್ ಟೀಗೆ ಹೋದಾಗ, ಬೆಳಗಿನ ಬಸ್ಸು ಹೊರಡುವಾಗ. ನನ್ನ ಟೀಯನ್ನು 4.15ಕ್ಕೇ ಮುಗಿಸಿ ಆ ಮುಕ್ಕಾಲು ಗಂಟೆ ಗೇಟಿನ ಬಳಿ ನಿಲ್ಲುತ್ತೇನೆ. ಹಿಂದಿನ ಕಿಟಕಿ ಯಾರು ತೆಗೆದರೆಂದು ತಿಳಿಯಲು ಒಂದು ಉಪಾಯವಿದೆ. ಅದನ್ನು ಬರೆಯುವುದಿಲ್ಲ, ಹುಡುಗರೂ ಮೊಬೈಲ್ ನೋಡುತ್ತಾರೆ.

ರಾತ್ರಿ 1ಕ್ಕೆ ಪೊಲೀಸರೋ ಮಕ್ಕಳ ಸಹಾಯವಾಣಿ 1098ರವರೋ ಹೊಸಬನನ್ನು ತಂದರೆ ಕಾಗದಪತ್ರ ಚಿಕ್ಕದಾಗಿ ಮುಗಿಸಿ. ಇಂಥ ಮಕ್ಕಳನ್ನು ಎಲ್ಲಿಡಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲು ಪ್ರಯಾಣದ ಸಮಯ ಬಿಟ್ಟು 24 ಗಂಟೆ ಇದೆ. ಸಮಿತಿ ಸೇರದ ದಿನ ಒಬ್ಬ ಸದಸ್ಯರ ಮುಂದೆ ಆದರೂ ನಡೆಯುತ್ತದೆ. ಆ ಹೊತ್ತಿಗೆ ಕೇಳಬೇಕಾದ್ದು ಮೂರೇ: ಹಸಿವಾ, ಎಲ್ಲಾದರೂ ನೋವಾ, ದಿನಾ ತಗೊಳ್ಳೋ ಮಾತ್ರೆ ಇದೆಯಾ. ಊರು, ಅಪ್ಪ, ಅಮ್ಮ ಎಲ್ಲ ನಾಳೆಗೆ. ನಡುರಾತ್ರಿ ತಣ್ಣೀರ ಸ್ನಾನ ಮಾಡಿಸಬೇಡಿ. ಬಟ್ಟೆ ಬದಲಿಸಿದರೆ ಹಳೆಯದನ್ನು ಒಗೆಯದೆ, ಎಸೆಯದೆ, ಹೆಸರು ಬರೆದು ಕಟ್ಟಿಡಿ. ಪ್ಯಾಂಟಿನ ಪಟ್ಟಿಯೊಳಗೆ ಫೋನ್ ನಂಬರಿನ ಚೀಟಿ ಸಿಕ್ಕಿ ಮನೆ ಪತ್ತೆಯಾದದ್ದುಂಟು, ಮುಂದೆ ಕೇಸಾದರೆ ಸಾಕ್ಷಿಯೂ ಅದೇ. ಬಚ್ಚಲು, ಸ್ವಿಚ್ಚು, ಹೊರಬಾಗಿಲು ತೋರಿಸಿ, ನನ್ನ ಕುರ್ಚಿಗೆ ಹತ್ತಿರದ ಮಂಚ ಕೊಡುತ್ತೇನೆ.

ನಶೆಗೆಂದು ವೈಟ್ನರ್, ಪಂಕ್ಚರ್ ಸಲ್ಯೂಷನ್ ಸೇದುತ್ತಿದ್ದವರಿಗೆ ಮೊದಲ ಮೂರರಿಂದ ಐದು ರಾತ್ರಿ ಕಷ್ಟ: ಬೆವರು, ತಲೆನೋವು, ಸಿಡಿಮಿಡಿ, ನಿದ್ದೆ ಇಲ್ಲ. ನೀರು, ನಿಂಬೆ ಪಾನಕ, ಕಾರಿಡಾರಿನಲ್ಲಿ ಓಡಾಟ. ನಿದ್ದೆ ಮಾತ್ರೆ ನಮ್ಮ ಕೈಯಿಂದ ಕೂಡದು. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ತುರುಕುವ ವಾಚ್‌ಮನ್‌ನನ್ನು ಮೊದಲು ದೂರ ಕಳಿಸಿ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಅಥವಾ ನಿಂತು ಮತ್ತೆ ಬಂದರೆ 108. ಕೈ ಕೊಯ್ದುಕೊಳ್ಳದಂತೆ ಪೆನ್ಸಿಲ್ ಮೆಂಡರಿನ ಬ್ಲೇಡುಗಳನ್ನು ಸಂಜೆಯೇ ಎಣಿಸಿ ಇಡಿ.

ರಾತ್ರಿ 2ಕ್ಕೆ ಹುಡುಗ ತನಗಾದದ್ದನ್ನು ಹೇಳಲು ಶುರುಮಾಡಿದರೆ ಕೆದಕಬೇಡಿ. "ಆಮೇಲೆ?" ಎಂಬುದಷ್ಟೇ ನನ್ನ ಪ್ರಶ್ನೆ. ಯಾರಿಗೂ ಹೇಳಲ್ಲ ಎಂಬ ಮಾತು ಕೊಡಬೇಡಿ, ಉಳಿಸಿಕೊಳ್ಳಲಾಗದು: ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ಇದನ್ನ ಸರಿಮಾಡೋರಿಗೆ ಮಾತ್ರ ಹೇಳ್ತೀನಿ, ಹೇಳೋ ಮುಂಚೆ ನಿಂಗೆ ತಿಳಿಸ್ತೀನಿ" ಅನ್ನುತ್ತೇನೆ. ಬರೆಯುವುದು ಅವನ ಮಾತಿನಲ್ಲೇ, ತೆಲುಗಾದರೆ ತೆಲುಗಿನಲ್ಲೇ, ಕನ್ನಡ ಲಿಪಿಯಲ್ಲಿ. ಬೆಳಿಗ್ಗೆ ಬಂದವರು ಅದೇ ಕತೆಯನ್ನು ಮತ್ತೆ ಹೇಳಿಸದಂತೆ ಆ ಹಾಳೆಯನ್ನು ಕೈಯಲ್ಲೇ ಕೊಟ್ಟು ಹೋಗುತ್ತೇನೆ.

ರಿಜಿಸ್ಟರಿನಲ್ಲಿ ಗುಣ ಬರೆಯಬೇಡಿ, ಗಂಟೆ ಬರೆಯಿರಿ. "ಗಲಾಟೆ ಮಾಡಿದ" ಎಂದರೆ ಯಾರಿಗೂ ಉಪಯೋಗವಿಲ್ಲ. "2.40 ಎದ್ದ, ನೀರು ಕುಡಿದ, 10 ನಿಮಿಷ ಬಾಗಿಲ ಬಳಿ ಕೂತ, ಮಲಗಿದ" ಎಂದು ಬರೆದದ್ದನ್ನು ತಿಂಗಳ ಕೊನೆಗೆ ಜೋಡಿಸಿ ನೋಡಿದರೆ ಕಾಣುತ್ತದೆ. ಹಾಗೆ ನೋಡಿಯೇ ಗೊತ್ತಾದದ್ದು, ಮನೆಗೆ ಫೋನ್ ಮಾಡಿದ ರಾತ್ರಿಗಳೇ ಕೆಟ್ಟವು ಎಂದು. ರಾತ್ರಿ ಊಟದ ನಂತರ ಇದ್ದ ಫೋನಿನ ಹೊತ್ತನ್ನು ಸಂಜೆ 4.30ಕ್ಕೆ ತಂದೆವು. ಅತ್ತು, ಆಡಿ, ಉಂಡು ಮಲಗುವಷ್ಟು ಹೊತ್ತು ಸಿಗುತ್ತದೆ.

ಇನ್ನೂ ಬಗ್ಗದಿರುವುದು ಹಬ್ಬದ ಹಿಂದಿನ ರಾತ್ರಿ. ಯುಗಾದಿ, ರಂಜಾನ್, ದೀಪಾವಳಿ, ಯಾವುದಾದರೂ ಸರಿ, ಹುರಿಗಡಲೆಗೆ ಜಗ್ಗುವುದಿಲ್ಲ. ಕಳೆದ ಯುಗಾದಿಗೆ 11.30ರವರೆಗೆ ಅಡುಗೆಮನೆಯಲ್ಲೇ ಕೂರಿಸಿ ಹೋಳಿಗೆಗೆ ಕಣಕ ನಾದಿಸಿದೆ, ಹೂರಣ ರುಬ್ಬಿಸಿದೆ. ಯಾರೂ ಹೋಗಲಿಲ್ಲ, ಆದರೆ ಬೇಳೆ, ಎಣ್ಣೆ, ಗ್ಯಾಸ್ ಸೇರಿ 1,500ರ ಮೇಲಾಯಿತು. ದೀಪಾವಳಿಗೆ ಇದನ್ನೇ ಕಜ್ಜಾಯದಲ್ಲಿ ಮಾಡಿ ನೋಡಬೇಕು, ಅಕ್ಕಿ ಹೇಗೂ ರೇಷನ್‌ನಲ್ಲಿ ಉಳಿದಿರುತ್ತದೆ.