ಬೆಳಗಾವಿಯಿಂದ ಜೋಡಿಯಾಗಿ ಸಮುದ್ರದ ಕಡೆ ಹೊರಟವರಿಗೆ

ರಜೆ ಅಂದ್ರೆ ಎಲ್ಲರೂ ಗೋವಾ ಅಂತಾರೆ. ಗಂಡ-ಹೆಂಡತಿ ಇಬ್ಬರೇ ಹೊರಟಿದ್ದರೆ ಈ ಸಲ ಆಂಬೋಲಿ ಘಾಟ್ ಇಳಿದು, ಸಾವಂತವಾಡಿ ದಾಟಿ ಮಹಾರಾಷ್ಟ್ರ ಕರಾವಳಿಯ ಮಾಲ್ವಣಕ್ಕೆ ಹೋಗಿ ನೋಡಿ. ಅಲ್ಲಿ ಸಿಂಧುದುರ್ಗ ಕೋಟೆ ಇರೋದೇ ನಡುಗಡ್ಡೆ ಮೇಲೆ, ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಿಸಲು ಶುರು ಮಾಡಿದ್ದು, ದೋಣಿ ಹತ್ತಿಯೇ ಹೋಗಬೇಕು. ಬೆಳಗ್ಗೆ ಬೇಗ ಹೋಗಿಬಿಡಿ. ಮಧ್ಯಾಹ್ನ ಆದರೆ ಕಲ್ಲು ಕಾದು ಕಾಲಿಡೋಕಾಗಲ್ಲ, ನೆರಳೂ ಕಮ್ಮಿ. ಸುತ್ತ ಉಪ್ಪುನೀರು, ಒಳಗೆ ಮಾತ್ರ ಸಿಹಿನೀರಿನ ಬಾವಿಗಳು: ದೂಧ್ ಬಾವ್, ದಹೀ ಬಾವ್, ಸಾಖರ್ ಬಾವ್, ಅಂದ್ರೆ ಹಾಲು, ಮೊಸರು, ಸಕ್ಕರೆ ಬಾವಿ. ಹೆಸರು ಕೇಳಿದ್ರೇನೇ ಬಾಯಾರಿಕೆ ಆಗುತ್ತೆ!

ರಜೆ ಜಾಸ್ತಿ ಇದ್ದರೆ ಕಾರವಾರ, ಗೋಕರ್ಣ, ಮುರ್ಡೇಶ್ವರ ನೋಡ್ಕೊಂಡು ಮಲ್ಪೆವರೆಗೆ ಇಳಿಯಿರಿ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಲಾವಾ ಆರಿ ಆದ ಕಂಬದಂಥ ಕಲ್ಲುಗಳು, ಬಹಳಷ್ಟು ಆರು ಮೂಲೆಯವು, ಒತ್ತೊತ್ತಾಗಿ ನಿಂತಿವೆ. ಕಾಲಡಿ ಚಿಪ್ಪು ಚುಚ್ಚುತ್ತೆ, ಗಟ್ಟಿ ಚಪ್ಪಲಿ ಬೇಕು. ರಾತ್ರಿ ಉಳಿಯೋಕೆ ಬಿಡಲ್ಲ, ರೂಮ್ ಮಲ್ಪೆ ಅಥವಾ ಉಡುಪಿಯಲ್ಲೇ ಹಿಡಿಯಿರಿ.

ಏನೇ ಆಗಲಿ ಮೇ ಮಧ್ಯದೊಳಗೆ ಮುಗಿಸಿ. ಮಳೆಗಾಲದಲ್ಲಿ ಎರಡೂ ಕಡೆ ದೋಣಿ ಬಂದ್. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಯಲ್ಲಿರಲಿ, ಮೀನು ತಿನ್ನದವರಿಗಂತೂ ಬೇಕೇ ಬೇಕು.