ನೀರಿನ ಮೇಲೆ ಮಗುಚುವ ವಿಮಾನ

ರಿಮೋಟಿನಿಂದ ಹಾರಿಸುವ ನನ್ನ ಪುಟ್ಟ ಆರ್‌ಸಿ ವಿಮಾನದ ಚಕ್ರ ತೆಗೆದು ಫ್ಲೋಟ್, ಅಂದರೆ ನೀರಲ್ಲಿ ತೇಲಿಸುವ ದೋಣಿಯಂಥ ಡಬ್ಬಿ, ಹಾಕಿ ಎರಡು ವರ್ಷ ಆಯಿತು. ಆಕಾಶದಿಂದ ಒಮ್ಮೆಯೂ ಬಿದ್ದಿಲ್ಲ. ಆದ ಅನಾಹುತವೆಲ್ಲ ನೀರಿನ ಮೇಲೆ, ಹಾರುವ ಮೊದಲೇ.

ಮನೆಗೆ ಹುಬ್ಬಳ್ಳಿಯ ಉಣಕಲ್ ಕೆರೆ ಹತ್ತಿರ. ಆದರೆ ಅಲ್ಲಿ ಜನ ಜಾಸ್ತಿ, ಗೋಕುಲ ರಸ್ತೆಯ ವಿಮಾನ ನಿಲ್ದಾಣವೂ ದೂರವಿಲ್ಲ. ಅದಕ್ಕೇ ಕಲಘಟಗಿ ಕಡೆಯ ಒಂದು ಊರಕೆರೆಗೆ ಹೋಗುತ್ತೇನೆ.

ಮೊದಲ ಸಲ ಮಗುಚಿದ್ದು ಆಷಾಢದಲ್ಲಿ. ನಮ್ಮ ಕಡೆ ಆ ತಿಂಗಳ ಗಾಳಿ ಗೊತ್ತಲ್ವಾ, ಛತ್ರಿ ನಿಲ್ಲುವುದಿಲ್ಲ. ನೀರಿನ ಮೇಲೆ ವಿಮಾನಕ್ಕೆ ಬ್ರೇಕ್ ಇಲ್ಲ. ಬಾಲಕ್ಕೆ ಗಾಳಿ ಬಡಿದು ಮೂತಿ ತಾನಾಗಿಯೇ ಗಾಳಿಯ ಕಡೆ ತಿರುಗುತ್ತದೆ. ಇದು ಗೊತ್ತಿಲ್ಲದ ನಾನು ಗಾಳಿಗೆ ಬೆನ್ನು ಹಾಕಿ ಜೋರಾಗಿ ಓಡಿಸಿ, ಥ್ರಾಟಲ್ (ಪ್ರೊಪೆಲ್ಲರಿನ ವೇಗ) ಇಳಿಸದೆಯೇ ಗಕ್ಕನೆ ತಿರುಗಿಸಿದೆ. ತಿರುವಿನ ರಭಸಕ್ಕೆ ವಿಮಾನ ಹೊರಗಡೆ ವಾಲಿತು. ಅದೇ ಹೊತ್ತಿಗೆ ಒಳಗಡೆಯ ರೆಕ್ಕೆಯ ಅಡಿಗೆ ಗಾಳಿ ಹೊಕ್ಕಿತು. ಹೊರಗಿನ ಫ್ಲೋಟಿನ ಮೂತಿ ನೀರಲ್ಲಿ ನಾಟಿತು. ಅಷ್ಟೇ, ವಿಮಾನ ಅಂಗಾತ.

ಟ್ಯೂಬಿನ ಮೇಲೆ ಕೂತು ಬಲೆ ಬಿಡುತ್ತಿದ್ದ ಕಾಕಾ ಅದನ್ನು ಎಳೆದು ತಂದರು. ‘ಇದ ವಿಮಾನೋ, ಬಾತುಕೋಳಿಯೋ ತಮ್ಮಾ?’

ಈಗ ಗಾಳಿಯ ಕಡೆ ತಿರುಗಬೇಕಿದ್ದರೆ ಥ್ರಾಟಲ್ ಪೂರ್ತಿ ಇಳಿಸಿ ಸುಮ್ನೆ ನಿಲ್ಲುತ್ತೇನೆ. ಅದೇ ತಿರುಗಿಕೊಳ್ಳುತ್ತದೆ. ಅಡ್ಡಗಾಳಿ ಇದ್ದರೆ ಏಲೆರಾನ್ (ರೆಕ್ಕೆಯ ಹಿಂದಂಚಿನ ಪಟ್ಟಿ) ಆಡಿಸುವ ರಿಮೋಟಿನ ಕಡ್ಡಿಯನ್ನು ಗಾಳಿ ಬರುವ ಕಡೆಗೇ ಒತ್ತಿ ಹಿಡಿಯುತ್ತೇನೆ.

ಎರಡನೆಯದು ನನ್ನ ಜೋಡಣೆಯ ತಪ್ಪು. ಫ್ಲೋಟಿನ ತಳದಲ್ಲಿ ಒಂದು ಮೆಟ್ಟಿಲು ಇರುತ್ತದೆ. ವೇಗ ಬಂದಾಗ ನೀರು ಅಲ್ಲಿಂದಲೇ ಕಳಚಿಕೊಳ್ಳಬೇಕು. ಅದು ವಿಮಾನದ ತೂಕದ ಮಧ್ಯಬಿಂದುವಿಗಿಂತ ತುಸುವೇ ಹಿಂದಿರಬೇಕು. ನಾನು ತೀರಾ ಹಿಂದೆ ಕೂರಿಸಿದ್ದೆ. ಮೂತಿ ಏಳಲೇ ಇಲ್ಲ, ಮುಂದಕ್ಕೆ ಮುಗ್ಗರಿಸಿತು.

ಮೂರನೆಯದು ಕಾಣದ ಕಳ್ಳ. ಸ್ಕ್ರೂ ತೂತಿನಿಂದ ಎಡ ಫ್ಲೋಟಿಗೆ ನೀರು ಇಳಿದಿತ್ತು. ಪ್ರೊಪೆಲ್ಲರ್ ತಿರುಗುವ ಜೋರಿಗೆ ವಿಮಾನ ಹೇಗೂ ಎಡಕ್ಕೆ ವಾಲುತ್ತದೆ. ಅದಕ್ಕೆ ಈ ತೂಕವೂ ಸೇರಿ ಟೇಕಾಫ್ ಓಟದಲ್ಲಿ ಎಡಕ್ಕೆ ಎಳೆದು ಸುತ್ತಿ ಬಿತ್ತು. ಜನ ಕೂರುವ ವಿಮಾನಗಳ ಫ್ಲೋಟಿನಲ್ಲಿ ನೀರು ದಾಟದ ಕೋಣೆಗಳು ಕಡಿಮೆ ಎಂದರೂ 4 ಇರುತ್ತವೆ. ಎರಡೂ ಫ್ಲೋಟು ಸೇರಿ ವಿಮಾನದ ತೂಕಕ್ಕಿಂತ 80% ಹೆಚ್ಚು ಹೊರುವಂತೆ ಮಾಡಿರುತ್ತಾರೆ. ಹಾಗಿದ್ದೂ ಪೈಲಟ್‌ಗಳು ಹಾರುವ ಮೊದಲು ಒಂದೊಂದೇ ಕೋಣೆಗೆ ಪಂಪ್ ಹಾಕಿ ನೀರು ತೆಗೆಯುತ್ತಾರೆ. ನನ್ನ ಫ್ಲೋಟು ಬರೀ ಫೋಮಿನ ಟೊಳ್ಳು ಡಬ್ಬಿ. ಅದನ್ನು ತೆಂಗಿನಕಾಯಿಯ ಹಾಗೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇನೆ.

ಕಳೆದ ರವಿವಾರ ಕಾಕಾ ತಾವೇ ಎತ್ತಿಕೊಂಡು ಅಲ್ಲಾಡಿಸಿದರು. ‘ಎಡಗಡೇದು ಗುಳುಗುಳು ಅಂತೈತಿ ನೋಡ, ತಮ್ಮಾ.’