ಬೆಕ್ಕು ಒಂದು ಕಣ್ಣನ್ನು ಅರೆಮುಚ್ಚಿಕೊಂಡರೆ

ಬೆಕ್ಕು ನೋವನ್ನು ತೋರಿಸಿಕೊಳ್ಳುವ ಪ್ರಾಣಿಯಲ್ಲ. ಕಣ್ಣು ನೋಯುತ್ತಿದ್ದರೂ ಕೂಗದೆ ಮಂಚದ ಕೆಳಗೆ ಹೋಗಿ ಮಲಗಿಬಿಡುತ್ತದೆ. ಆದ್ದರಿಂದ ಅದು ಒಂದೇ ಕಣ್ಣನ್ನು ಅರೆಮುಚ್ಚಿಕೊಂಡಿದ್ದರೆ, ಬೆಳಕಿಗೆ ಮುಖ ತಿರುಗಿಸಿದರೆ, ಮುಂಗಾಲಿನಿಂದ ಮತ್ತೆ ಮತ್ತೆ ಉಜ್ಜಿಕೊಂಡರೆ ನಿದ್ದೆಗಣ್ಣೆಂದು ಬಗೆಯದೆ ನೋವೆಂದೇ ತಿಳಿದು ಅಂದೇ ಪಶುವೈದ್ಯರಿಗೆ ತೋರಿಸಬೇಕು.

ಹಗಲಿನ ಬೆಳಕಿನಲ್ಲಿ ಎರಡೂ ಕಣ್ಣುಗಳನ್ನು ಹೋಲಿಸಿ ನೋಡಿ. ಬೆಳಗ್ಗೆ ಒಳಮೂಲೆಯಲ್ಲಿ ಒಣಗಿದ ಕಂದು ಗೀಜು ತುಸು ಇರುವುದು ಸಹಜ. ಪರ್ಷಿಯನ್‌ನಂತಹ ಚಪ್ಪಟೆ ಮುಖದ ಬೆಕ್ಕುಗಳಲ್ಲಿ ನೀರೂ ಹೆಚ್ಚು ಸುರಿಯುತ್ತದೆ. ಹಳದಿ ಅಥವಾ ಹಸಿರು ಕೀವು ಸಹಜವಲ್ಲ. ಅದರೊಂದಿಗೆ ಸೀನೂ ಇದ್ದರೆ ಹರ್ಪಿಸ್ ವೈರಸ್ಸಿನ ಸೋಂಕಿರಬಹುದು. ಈ ವೈರಸ್ ಒಮ್ಮೆ ಹೊಕ್ಕರೆ ದೇಹದಲ್ಲೇ ಉಳಿದು, ಮನೆ ಬದಲಾದಾಗಲೋ ಹೊಸ ಬೆಕ್ಕು ಬಂದಾಗಲೋ ಮರುಕಳಿಸುವುದುಂಟು. ಮನೆಯ ಇತರ ಬೆಕ್ಕುಗಳಿಗೂ ಹರಡುವುದರಿಂದ ರೋಗಿಯನ್ನು ಬೇರೆ ಕೋಣೆಯಲ್ಲಿಡಿ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ. ಔಷಧಿ ಅಂಗಡಿಯಲ್ಲಿ ಸಿಗುವ 0.9% ಸಲೈನಿನಲ್ಲಿ ಹತ್ತಿಯನ್ನು ನೆನೆಸಿ, ಗೀಜು ಮೆತ್ತಗಾದ ಮೇಲೆ ಒಳಮೂಲೆಯಿಂದ ಹೊರಕ್ಕೆ ಒರೆಸಿ. ಒಂದು ಕಣ್ಣಿಗೆ ಬಳಸಿದ ಹತ್ತಿಯನ್ನು ಇನ್ನೊಂದಕ್ಕೆ ಮುಟ್ಟಿಸಬೇಡಿ. ಕಣ್ಣಿಗೆ ಏನಾದರೂ ಚುಚ್ಚಿಕೊಂಡಿದ್ದರೆ ಕೀಳಲು ಹೋಗಬೇಡಿ.

ಹರಳೆಣ್ಣೆ, ಜೇನು, ಅರಿಶಿನದ ನೀರು ಯಾವುದೂ ಬೇಡ. ಇವೆಲ್ಲಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಮನೆಯಲ್ಲಿ ಯಾರಿಗೋ ಬರೆದುಕೊಟ್ಟು ಉಳಿದ ಕಣ್ಣಿನ ಹನಿ. ಅದರಲ್ಲಿ ಡೆಕ್ಸಾಮೆಥಾಸೋನ್‌ನಂತಹ ಸ್ಟೀರಾಯ್ಡ್ ಇದ್ದು, ಬೆಕ್ಕಿನ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ, ಉಗುರು ತಾಗಿದ ಹುಣ್ಣಿದ್ದರೆ, ಕೆಂಪು ಇಳಿದು ಗುಣವಾದಂತೆ ಕಂಡರೂ ಹುಣ್ಣು ಒಳಗೊಳಗೇ ಆಳವಾಗಿ ಕಣ್ಣು ತೂತಾಗಬಹುದು. ಅದಕ್ಕೇ ವೈದ್ಯರು ಮೊದಲು ಫ್ಲೋರೆಸಿನ್ ಎಂಬ ಬಣ್ಣವನ್ನು ಹಾಕಿ ನೋಡುತ್ತಾರೆ. ಹುಣ್ಣಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ. ಅದು ಬೆಕ್ಕಿಗೆ ವಿಷ.

ಮರಿಗಳು ಸಾಮಾನ್ಯವಾಗಿ 7ರಿಂದ 14 ದಿನಗಳೊಳಗೆ ಕಣ್ಣು ಬಿಡುತ್ತವೆ. ಅದಕ್ಕೆ ಮೊದಲೇ ಮುಚ್ಚಿದ ರೆಪ್ಪೆ ಊದಿಕೊಂಡರೆ ಒಳಗೆ ಕೀವು ತುಂಬಿರುತ್ತದೆ, ತಡಮಾಡಬಾರದು.

ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದು, ಬೆಳಕಿನಲ್ಲೂ ಅದರ ಪಾಪೆಗಳು ದೊಡ್ಡದಾಗಿಯೇ ಉಳಿದಿದ್ದರೆ, ರಕ್ತದೊತ್ತಡ ಏರಿ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲ ಕಳಚಿಕೊಂಡಿರಬಹುದು. ಇದಕ್ಕೆ ಮೂತ್ರಪಿಂಡದ ಕಾಯಿಲೆಯೋ ಥೈರಾಯ್ಡ್ ತೊಂದರೆಯೋ ಮೂಲವಾಗಿರುವುದುಂಟು. ಆ ಕೂಡಲೇ ರಕ್ತದೊತ್ತಡ ಇಳಿಸಿದರೆ ಕೆಲವೊಮ್ಮೆ ಸ್ವಲ್ಪ ದೃಷ್ಟಿ ಮರಳುತ್ತದೆ. ಮರಳದಿದ್ದರೆ ಅನ್ನದ ಬಟ್ಟಲು, ಮಲಮೂತ್ರಕ್ಕೆಂದು ಇಟ್ಟ ಮಣ್ಣಿನ ತಟ್ಟೆಗಳನ್ನು ಇದ್ದ ಜಾಗದಿಂದ ಕದಲಿಸಬೇಡಿ, ಮುಟ್ಟುವ ಮುನ್ನ ಅದರ ಹೆಸರು ಹಿಡಿದು ಕರೆಯಿರಿ.